ಟರ್ಬೊಚಾರ್ಜರ್ ವೇಗದ ಮಾಪನ, ಎಂಜಿನ್ ದತ್ತಾಂಶದ ದಾಖಲಾತಿ ಮತ್ತು ಹೊಗೆ ತಪಾಸಣೆ: ಡೀಸೆಲ್ ವಾಹನಗಳ ಮಾಲೀಕರು ಹಾಗೂ ಅರ್ಜಿದಾರರ ಮಾಹಿತಿಗಾಗಿ

ವಾಯುಮಾಲಿನ್ಯ ತಪಾಸಣಾ ಪ್ರಮಾಣ ಪತ್ರಕ್ಕಾಗಿ ಹಾಗೂ ರೂಢಿಯಲ್ಲಿ ಎಫ್.ಸಿ. ಎಂದು ಕರೆಯಲಾಗುವ ಅರ್ಹತಾ ಪತ್ರಕ್ಕಾಗಿ ಡೀಸೆಲ್ ವಾಹನಗಳನ್ನು ತರುವ ಮಾಲೀಕರಲ್ಲಿ ಸಾಮಾನ್ಯವಾಗಿ ಒಂದು ಸಂದೇಹವಿರುತ್ತದೆ. ಹೊಗೆ ತಪಾಸಣೆಯಲ್ಲಿ ಉತ್ತೀರ್ಣವಾದ ಲಾರಿಯು ಕೆಲವೇ ದಿನಗಳಲ್ಲಿ ಘಾಟಿ ಏರುವಾಗ ಕಪ್ಪು ಹೊಗೆಯನ್ನುಗುಳಿ, ಶಕ್ತಿ ಕಳೆದುಕೊಂಡು ರಸ್ತೆ ಬದಿಯಲ್ಲಿ ನಿಲ್ಲುವುದೇಕೆ ಎಂಬುದೇ ಆ ಸಂದೇಹ. ತಪಾಸಣೆಯೇ ಸರಿಯಿಲ್ಲವೆಂದು ಕೆಲವರು, ಡೀಸೆಲ್ ಕಲಬೆರಕೆಯೆಂದು ಮತ್ತೆ ಕೆಲವರು ಭಾವಿಸುವುದುಂಟು. ವಾಸ್ತವವಾಗಿ ಇಂತಹ ಅನೇಕ ಪ್ರಕರಣಗಳಲ್ಲಿ ದೋಷವಿರುವುದು ಟರ್ಬೊಚಾರ್ಜರ್ ಎಂಬ ಉಪಕರಣದಲ್ಲಿ. ನಿಂತಲ್ಲಿಯೇ ನಡೆಯುವ ಹೊಗೆ ತಪಾಸಣೆಯು ಆ ಉಪಕರಣವನ್ನು ಹೆಚ್ಚು ಕಡಿಮೆ ಮುಟ್ಟುವುದೇ ಇಲ್ಲ.

ಈ ಉಪಕರಣವು ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ಅಳೆಯುವ ಸೆನ್ಸರ್‌ಗಳು ಮತ್ತು ಎಂಜಿನ್ನಿನ ಪ್ರತಿಯೊಂದು ವರ್ತನೆಯನ್ನು ದಾಖಲಿಸುವ ವ್ಯವಸ್ಥೆಗಳು ಈಗ ಸಂಶೋಧನಾಲಯಗಳಿಗೆ ಸೀಮಿತವಾಗಿಲ್ಲ. ಭಾರೀ ವಾಹನಗಳ ಅನೇಕ ಎಂಜಿನ್‌ಗಳಲ್ಲಿ ಅವು ಕಾರ್ಖಾನೆಯಿಂದಲೇ ಅಳವಡಿಕೆಯಾಗಿ ಬರುತ್ತಿವೆ. ಮಾಲಿನ್ಯ ನಿಯಂತ್ರಣ, ವಾರಂಟಿ ವಿವಾದ, ಹಳೆಯ ವಾಹನದ ಖರೀದಿ ಈ ಮೂರರಲ್ಲಿಯೂ ಸದರಿ ದತ್ತಾಂಶವು ನಿರ್ಣಾಯಕ ಸಾಕ್ಷ್ಯವಾಗಿ ಪರಿಣಮಿಸುತ್ತಿರುವುದರಿಂದ, ಮಾಲೀಕರು ಇದರ ಸ್ವರೂಪವನ್ನು ಅರಿತಿರುವುದು ಅವಶ್ಯಕವಾಗಿದೆ.

ಟರ್ಬೊಚಾರ್ಜರ್ ಎಂದರೇನು

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಎಂಬುವರು 1905ರಲ್ಲಿ ಪೇಟೆಂಟ್ ಪಡೆದ ವಿಚಾರವೇ ಇಂದಿನ ಟರ್ಬೊಚಾರ್ಜರಿನ ಮೂಲ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯಲ್ಲಿ ಇನ್ನೂ ಸಾಕಷ್ಟು ಶಕ್ತಿ ಉಳಿದಿರುತ್ತದೆ. ಅದು ವ್ಯರ್ಥವಾಗಿ ಸೈಲೆನ್ಸರ್ ಸೇರುವ ಮೊದಲು ಟರ್ಬೈನ್ ಚಕ್ರವೊಂದನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬುತ್ತದೆ. ಹೆಚ್ಚು ಗಾಳಿ ದೊರೆತರೆ ಹೆಚ್ಚು ಡೀಸೆಲ್ ಪೂರ್ಣವಾಗಿ ಉರಿಯುತ್ತದೆ. ಗಾಳಿ ಕಡಿಮೆಯಾದರೆ ಅದೇ ಡೀಸೆಲ್ ಅರೆಬೆಂದು ಕಪ್ಪು ಮಸಿಯಾಗಿ ಹೊರಬರುತ್ತದೆ. ಕಪ್ಪು ಹೊಗೆಗೂ ಟರ್ಬೊಗೂ ಇರುವ ನಂಟು ಇಷ್ಟೇ.

ಶಾಫ್ಟಿನ ವೇಗವನ್ನು ಊಹಿಸಿಕೊಳ್ಳುವುದೂ ಕಷ್ಟ. ಲಾರಿಯ ಎಂಜಿನ್ ನಿಮಿಷಕ್ಕೆ ಎರಡು ಸಾವಿರದ ಆಸುಪಾಸಿನಲ್ಲಿ ಸುತ್ತುತ್ತಿರುವಾಗ ಟರ್ಬೊ ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳನ್ನು ದಾಟಿರಬಹುದು. ಚಿಕ್ಕ ಕಾರುಗಳ ಟರ್ಬೊಗಳಲ್ಲಿ ಈ ಸಂಖ್ಯೆ ಎರಡು ಲಕ್ಷವನ್ನೂ ಮೀರುತ್ತದೆ. ನಿಮಿಷಕ್ಕೆ 1,20,000 ಸುತ್ತು ಎಂದರೆ ಸೆಕೆಂಡಿಗೆ 2,000 ಸುತ್ತು. ಕಂಪ್ರೆಸರ್ ಚಕ್ರದ ವ್ಯಾಸ 60 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದರ ಅಂಚು ಸೆಕೆಂಡಿಗೆ ಸುಮಾರು 377 ಮೀಟರ್ ವೇಗದಲ್ಲಿ ಚಲಿಸುತ್ತಿರುತ್ತದೆ. ಸಾಮಾನ್ಯ ಉಷ್ಣಾಂಶದ ಗಾಳಿಯಲ್ಲಿ ಶಬ್ದದ ವೇಗವೇ ಸೆಕೆಂಡಿಗೆ ಸುಮಾರು 340 ಮೀಟರ್. ಇಷ್ಟೊಂದು ವೇಗದಲ್ಲಿ ತಿರುಗುವ ಶಾಫ್ಟನ್ನು ಬಹುತೇಕ ವಾಹನಗಳಲ್ಲಿ ಹೊತ್ತಿರುವುದು ಎಂಜಿನ್ ಎಣ್ಣೆಯ ತೆಳುವಾದ ಪದರ ಮಾತ್ರ.

ಚಕ್ರದ ಮೇಲೆ ಬೀಳುವ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗವು ನೂರಕ್ಕೆ ಹತ್ತು ಹೆಚ್ಚಾದರೆ ಒತ್ತಡವು ನೂರಕ್ಕೆ ಇಪ್ಪತ್ತೊಂದು ಹೆಚ್ಚುತ್ತದೆ. ಆದ್ದರಿಂದ ಮಿತಿ ಮೀರಿದ ವೇಗವನ್ನು ತಯಾರಕರು ಗಂಭೀರವಾಗಿ ಪರಿಗಣಿಸುತ್ತಾರೆ. ಮಿತಿಯೊಳಗೇ ಇದ್ದರೂ, ಪದೇ ಪದೇ ವೇಗ ಏರಿಳಿಯುವುದರಿಂದ ಅಲ್ಯೂಮಿನಿಯಂ ಚಕ್ರವು ಕಾಲಾನಂತರದಲ್ಲಿ ದಣಿದು ಬಿರುಕು ಬಿಡುವ ಸಂಭವವಿದೆ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವ ಲಾರಿಗಿಂತ, ನಿಲ್ದಾಣದಿಂದ ನಿಲ್ದಾಣಕ್ಕೆ ನಿಂತು ಹೊರಡುವ ನಗರ ಸಾರಿಗೆಯ ಬಸ್ಸಿಗೆ ಈ ದಣಿವು ಹೆಚ್ಚು. ಇಂತಹ ಉಪಯೋಗಕ್ಕಾಗಿ ಕೆಲವು ತಯಾರಕರು ಟೈಟಾನಿಯಂ ಚಕ್ರಗಳನ್ನು ಬಳಸುತ್ತಾರೆ.

ವೇಗವನ್ನು ಅಳೆಯುವ ಬಗೆ

ಶಾಫ್ಟಿಗೆ ಯಾವುದೇ ಉಪಕರಣವನ್ನು ತಾಗಿಸಿ ಅಳೆಯುವಂತಿಲ್ಲ. ಹೆಚ್ಚು ಪ್ರಚಲಿತವಾದ ವಿಧಾನವೆಂದರೆ ಕಂಪ್ರೆಸರಿನ ಹೊರಕವಚದಲ್ಲಿ ಸಣ್ಣ ರಂಧ್ರ ಮಾಡಿ, ಚಕ್ರದ ಅಲಗುಗಳಿಗೆ ಎದುರಾಗಿ ಸೆನ್ಸರ್ ಕೂರಿಸುವುದು. ಈ ಸೆನ್ಸರಿನ ಸುರುಳಿಯು ಸದಾ ಬದಲಾಗುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತಿರುತ್ತದೆ. ಅಲ್ಯೂಮಿನಿಯಂ ಅಲಗು ಹತ್ತಿರ ಹಾದುಹೋದಾಗಲೆಲ್ಲ ಆ ಲೋಹದಲ್ಲಿ ಸುಳಿ ಪ್ರವಾಹ ಎಂಬ ವಿದ್ಯುತ್ತು ಹುಟ್ಟಿ, ಸುರುಳಿಯಲ್ಲಿ ಒಂದು ಮಿಡಿತವನ್ನು ಉಂಟುಮಾಡುತ್ತದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟದ ಲೋಹವಾದರೂ ಈ ವಿಧಾನಕ್ಕೆ ಅಡ್ಡಿಯಿಲ್ಲ. ಇನ್ನೊಂದು ವಿಧಾನದಲ್ಲಿ ಶಾಫ್ಟಿನ ತುದಿಯ ನಟ್ಟನ್ನೇ ಅಯಸ್ಕಾಂತವನ್ನಾಗಿ ಮಾಡಿ, ಅದು ತಿರುಗುವುದನ್ನು ಹೊರಗಿನಿಂದ ಗ್ರಹಿಸಲಾಗುತ್ತದೆ.

ಮಿಡಿತಗಳನ್ನು ಎಣಿಸಿ, ಅಲಗುಗಳ ಸಂಖ್ಯೆಯಿಂದ ಭಾಗಿಸಿದರೆ ಸುತ್ತುಗಳ ಸಂಖ್ಯೆ ದೊರೆಯುತ್ತದೆ. ಹನ್ನೆರಡು ಅಲಗುಗಳ ಚಕ್ರವು ಸೆಕೆಂಡಿಗೆ 2,000 ಸುತ್ತು ತಿರುಗಿದರೆ ಸೆಕೆಂಡಿಗೆ 24,000 ಮಿಡಿತಗಳು ಬರುತ್ತವೆ. ಇಷ್ಟು ವೇಗದ ಮಿಡಿತಗಳನ್ನು ಸಾಮಾನ್ಯ ದಾಖಲೆ ಯಂತ್ರಗಳು ಎಣಿಸಲಾರವಾದ್ದರಿಂದ, ಸೆನ್ಸರಿನ ಜೊತೆಗಿರುವ ಮಂಡಲವು ಎಂಟು ಮಿಡಿತಗಳಿಗೆ ಒಂದರಂತೆ, ಅಂದರೆ ಸೆಕೆಂಡಿಗೆ 3,000 ಮಿಡಿತಗಳನ್ನು ಮಾತ್ರ ಮುಂದಕ್ಕೆ ಕಳುಹಿಸುವಂತಹ ಏರ್ಪಾಡು ಇರುತ್ತದೆ.

ವಿವಾದದ ಸಂದರ್ಭದಲ್ಲಿ ಮಾಲೀಕರು ಮೊದಲು ನೋಡಬೇಕಾದ್ದು ಈ ಭಾಗಾಕಾರವನ್ನೇ. ಲೆಕ್ಕಪತ್ರಗಳಲ್ಲಿ ಆರಂಭಿಕ ಶಿಲ್ಕು ತಪ್ಪಾಗಿ ನಮೂದಾದರೆ ಮುಂದಿನ ಪುಟಗಳೆಲ್ಲ ಶುದ್ಧವಾಗಿ ಕೂಡಿಸಿದ್ದರೂ ಮೊತ್ತ ತಪ್ಪೇ ಆಗಿರುತ್ತದೆ, ಇಲ್ಲಿಯೂ ಹಾಗೆಯೇ. ಹನ್ನೆರಡು ಅಲಗುಗಳ ಚಕ್ರಕ್ಕೆ ಹತ್ತು ಎಂದು ನಮೂದಿಸಿದ್ದರೆ ನಿಜವಾದ 1,20,000 ಸುತ್ತುಗಳು ದಾಖಲೆಯಲ್ಲಿ 1,44,000 ಎಂದು ಕಾಣುತ್ತವೆ. ಅನೇಕ ಚಕ್ರಗಳಲ್ಲಿ ಉದ್ದದ ಆರು ಹಾಗೂ ಗಿಡ್ಡದ ಆರು ಅಲಗುಗಳಿರುತ್ತವೆ. ಸೆನ್ಸರ್ ಕುಳಿತ ಜಾಗವನ್ನು ಅನುಸರಿಸಿ ಅದು ಆರನ್ನೋ ಹನ್ನೆರಡನ್ನೋ ಕಾಣಬಹುದು. ಆಗ ವ್ಯತ್ಯಾಸ ಎರಡು ಪಟ್ಟು. ಮೂಲ ಟರ್ಬೊ ಕೆಟ್ಟು, ಬೇರೆ ಮಾದರಿಯ ಟರ್ಬೊ ಅಳವಡಿಸಿದ ವಾಹನದಲ್ಲಿ ಎಂಜಿನ್ ನಿಯಂತ್ರಣ ಘಟಕದ ಹಳೆಯ ಸಂಖ್ಯೆ ಹಾಗೆಯೇ ಉಳಿದಿದ್ದಲ್ಲಿ, ಇಲ್ಲದ ಅತಿವೇಗವು ದಾಖಲೆಯಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆಯಿದೆ.

ಇನ್ನೊಂದು ಅಂಶವೆಂದರೆ ದಾಖಲೆಯ ಅಂತರ. ಟರ್ಬೊ ತನ್ನ ಕನಿಷ್ಠ ವೇಗದಿಂದ ಗರಿಷ್ಠ ವೇಗಕ್ಕೆ ಒಂದೆರಡು ಸೆಕೆಂಡುಗಳಲ್ಲಿ ಏರಬಲ್ಲದು. ಸೆಕೆಂಡಿಗೆ ಹತ್ತಾರು ಬಾರಿ ದಾಖಲಿಸುವ ಯಂತ್ರಕ್ಕೆ ಈ ಏರಿಕೆ ಕಾಣುತ್ತದೆ. ಹತ್ತು ಸೆಕೆಂಡಿಗೊಮ್ಮೆ ದಾಖಲಿಸುವ ಯಂತ್ರಕ್ಕೆ ಅದು ಕಾಣುವುದು ಆಕಸ್ಮಿಕ. ಆದುದರಿಂದ "ದಾಖಲೆಯಲ್ಲಿ ಅತಿವೇಗ ಇಲ್ಲ" ಎಂಬುದು ಅತಿವೇಗವೇ ಆಗಿಲ್ಲ ಎಂಬುದಕ್ಕೆ ಪುರಾವೆಯಲ್ಲ.

ಎಲ್ಲ ವಾಹನಗಳಲ್ಲಿಯೂ ಈ ಸೆನ್ಸರ್ ಇರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಇಲ್ಲದ ಕಡೆ ಗಾಳಿಯ ಒತ್ತಡ, ಗಾಳಿಯ ಪ್ರಮಾಣ ಮತ್ತು ಹೊರಗಿನ ವಾಯುಭಾರಗಳನ್ನು ಅಳೆದು, ತಯಾರಕರು ಮೊದಲೇ ಸಿದ್ಧಪಡಿಸಿದ ಕಂಪ್ರೆಸರ್ ನಕ್ಷೆಯ ಆಧಾರದಿಂದ ವೇಗವನ್ನು ಲೆಕ್ಕಹಾಕಲಾಗುತ್ತದೆ. ಅದು ಅಂದಾಜು, ಮಾಪನವಲ್ಲ. ಗಾಳಿ ಶೋಧಕವು ಧೂಳಿನಿಂದ ಮುಚ್ಚಿಹೋಗಿದ್ದರೆ ಅಥವಾ ಗಾಳಿಯ ಕೊಳವೆ ಸೋರುತ್ತಿದ್ದರೆ ಅಂದಾಜೂ ದಾರಿ ತಪ್ಪುತ್ತದೆ.

ಮಂಗಳೂರಿನಿಂದ ಬೆಂಗಳೂರಿಗೆ

ಎತ್ತರದ ಪ್ರದೇಶಗಳಲ್ಲಿ ಟರ್ಬೊ ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ. ನಮ್ಮ ರಾಜ್ಯದ ಮಾಲೀಕರಿಗೆ ಇದು ದೂರದ ವಿಷಯವಲ್ಲ. ಸಮುದ್ರ ಮಟ್ಟದಲ್ಲಿರುವ ಮಂಗಳೂರಿನಲ್ಲಿ ವಾಯುಭಾರವು ಸುಮಾರು 1,010 ಮಿಲಿಬಾರ್ ಇದ್ದರೆ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಸುಮಾರು 910 ಮಿಲಿಬಾರ್, ಅಂದರೆ ನೂರಕ್ಕೆ ಹತ್ತರಷ್ಟು ಕಡಿಮೆ. ಎಂಜಿನ್ನಿಗೆ 2,000 ಮಿಲಿಬಾರ್ ಒತ್ತಡದ ಗಾಳಿಯನ್ನು ಒದಗಿಸಬೇಕಾದರೆ ಮಂಗಳೂರಿನಲ್ಲಿ ಗಾಳಿಯನ್ನು 1.98 ಪಟ್ಟು ಒತ್ತಿದರೆ ಸಾಕು, ಬೆಂಗಳೂರಿನಲ್ಲಿ 2.2 ಪಟ್ಟು ಒತ್ತಬೇಕು. ಅದಕ್ಕೆ ತಕ್ಕಂತೆ ಶಾಫ್ಟಿನ ವೇಗವೂ ಏರುತ್ತದೆ.

ಬಂದರಿನಿಂದ ಸರಕು ತುಂಬಿಕೊಂಡು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಶಿರಾಡಿ ಘಾಟಿ ಏರುವ ಲಾರಿಯು ಪೂರ್ಣ ಭಾರದಲ್ಲಿ, ಕಡಿಮೆ ಗೇರಿನಲ್ಲಿ, ನಿಧಾನಗತಿಯಲ್ಲಿ, ತೆಳುವಾಗುತ್ತಾ ಹೋಗುವ ಗಾಳಿಯಲ್ಲಿ ಬಹಳ ಹೊತ್ತು ದುಡಿಯಬೇಕಾಗುತ್ತದೆ. ಟರ್ಬೊವಿನ ನಿಜವಾದ ಪರೀಕ್ಷೆ ಇದೇ. ಅಲಗು ಸವೆದಿದ್ದರೆ, ಬೇರಿಂಗ್ ಸಡಿಲಗೊಂಡಿದ್ದರೆ, ಗಾಳಿಯ ಕೊಳವೆಯಲ್ಲಿ ಸೀಳಿದ್ದರೆ ಅದು ಇಲ್ಲಿ ಬಯಲಾಗುತ್ತದೆಯೇ ಹೊರತು ತಪಾಸಣಾ ಕೇಂದ್ರದ ಅಂಗಳದಲ್ಲಿ ಅಲ್ಲ. ಎಣ್ಣೆಯ ಸೀಲ್ ಹರಿದು ಎಂಜಿನ್ ಎಣ್ಣೆಯೇ ಗಾಳಿಯ ಜೊತೆ ಒಳಸೇರತೊಡಗಿದರೆ ಡೀಸೆಲ್ ಎಂಜಿನ್ ಅದನ್ನೇ ಇಂಧನವನ್ನಾಗಿ ಉರಿಸಿಕೊಂಡು, ಕೀಲಿ ತೆಗೆದರೂ ನಿಲ್ಲದೆ ಓಡುವ ಅಪಾಯವುಂಟು. ಏರು ಮುಗಿಸಿದ ಕೂಡಲೇ ಎಂಜಿನ್ನನ್ನು ಥಟ್ಟನೆ ನಿಲ್ಲಿಸುವ ಅಭ್ಯಾಸವೂ ಒಳ್ಳೆಯದಲ್ಲ. ಎಣ್ಣೆಯ ಹರಿವು ನಿಂತು, ಕಾದ ಬೇರಿಂಗಿನಲ್ಲಿ ಉಳಿದ ಎಣ್ಣೆ ಕರಟುತ್ತದೆ. ಒಂದೆರಡು ನಿಮಿಷ ಎಂಜಿನ್ನನ್ನು ನಿಧಾನಗತಿಯಲ್ಲಿ ಬಿಟ್ಟು ನಂತರ ನಿಲ್ಲಿಸುವುದರಿಂದ ಖರ್ಚಾಗುವ ಡೀಸೆಲ್ ಅತ್ಯಲ್ಪ.

ಹೊಗೆ ತಪಾಸಣೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 115ರ ಅನ್ವಯ ಡೀಸೆಲ್ ವಾಹನಗಳಿಗೆ ನಡೆಸುವ ತಪಾಸಣೆಯಲ್ಲಿ, ವಾಹನವನ್ನು ನಿಲ್ಲಿಸಿ, ಗೇರಿನಿಂದ ಬಿಡಿಸಿ, ವೇಗವರ್ಧಕವನ್ನು ಒಮ್ಮೆಲೇ ಪೂರ್ಣ ಒತ್ತಲಾಗುತ್ತದೆ. ಎಂಜಿನ್ ತನ್ನ ಗರಿಷ್ಠ ವೇಗಕ್ಕೆ ಏರುವವರೆಗೆ ಹೊರಬಿದ್ದ ಹೊಗೆಯು ಬೆಳಕನ್ನು ಎಷ್ಟರ ಮಟ್ಟಿಗೆ ತಡೆಯಿತು ಎಂಬುದನ್ನು ಹೊಗೆ ಮಾಪಕವು ಅಳೆಯುತ್ತದೆ. ಬೆಳಕು ಹೀರಿಕೆಯ ಗುಣಾಂಕದ ಮಿತಿಯು ಭಾರತ್ ಸ್ಟೇಜ್-4ಕ್ಕೂ ಹಿಂದಿನ ವಾಹನಗಳಿಗೆ ಮೀಟರಿಗೆ 2.45, ಭಾರತ್ ಸ್ಟೇಜ್-4 ವಾಹನಗಳಿಗೆ 1.62 ಹಾಗೂ ಭಾರತ್ ಸ್ಟೇಜ್-6 ವಾಹನಗಳಿಗೆ 0.7 ಆಗಿರುತ್ತದೆ. ಹೊಸ ವಾಹನಕ್ಕೆ ಮೊದಲ ನೋಂದಣಿಯಿಂದ ಒಂದು ವರ್ಷದವರೆಗೆ ಪ್ರಮಾಣ ಪತ್ರದ ಅವಶ್ಯಕತೆಯಿಲ್ಲ. ತದನಂತರ ಭಾರತ್ ಸ್ಟೇಜ್-4 ಮತ್ತು 6ರ ವಾಹನಗಳಿಗೆ ಪ್ರಮಾಣ ಪತ್ರದ ಅವಧಿ ಹನ್ನೆರಡು ತಿಂಗಳು, ಅದಕ್ಕಿಂತ ಹಳೆಯವುಗಳಿಗೆ ಆರು ತಿಂಗಳು.

ಈ ತಪಾಸಣೆಯಲ್ಲಿ ಎಂಜಿನ್ನಿಗೆ ಭಾರವಿರುವುದಿಲ್ಲ. ತನ್ನದೇ ಚಕ್ರಗಳ ಜಡತ್ವವನ್ನು ಬಿಟ್ಟರೆ ಅದು ಬೇರೇನನ್ನೂ ಎಳೆಯುತ್ತಿಲ್ಲ. ಇಡೀ ಕ್ರಿಯೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಟರ್ಬೊ ತನ್ನ ಪೂರ್ಣ ವೇಗದ ಹತ್ತಿರವೂ ಸುಳಿಯುವುದಿಲ್ಲ. ಡೀಸೆಲ್ ಕೂಡಲೇ ಒಳಸೇರುತ್ತದೆ, ಗಾಳಿ ತುಸು ತಡವಾಗಿ ಬರುತ್ತದೆ. ನಡುವಿನ ಕ್ಷಣದಲ್ಲಿ ಹೊಗೆಯ ಒಂದು ಉಂಡೆ ಹೊರಬೀಳುತ್ತದೆ. ಯುರೋಪಿನ ದೇಶಗಳು ಹಿಂದೆ ಟರ್ಬೊ ಇಲ್ಲದ ಎಂಜಿನ್‌ಗಳಿಗೆ 2.5 ಹಾಗೂ ಟರ್ಬೊ ಇರುವ ಎಂಜಿನ್‌ಗಳಿಗೆ 3.0 ಎಂದು ಪ್ರತ್ಯೇಕ ಮಿತಿಯನ್ನು ಇರಿಸಿದ್ದುದು ಈ ವಿಳಂಬವನ್ನು ಮನಗಂಡೇ.

ಎರಡನೆಯದಾಗಿ, ಡೀಸೆಲ್ ವಾಹನಗಳ ಈ ತಪಾಸಣೆಯು ಹೊಗೆಯನ್ನು ಮಾತ್ರ ಅಳೆಯುತ್ತದೆ. ಕಣ್ಣಿಗೆ ಕಾಣದ ಸಾರಜನಕದ ಆಕ್ಸೈಡುಗಳನ್ನು ಅಳೆಯುವುದಿಲ್ಲ. ಮೂರನೆಯದಾಗಿ, ಮಸಿ ಶೋಧಕ ಅಳವಡಿಸಿದ ಭಾರತ್ ಸ್ಟೇಜ್-6 ವಾಹನಗಳಲ್ಲಿ ಹೊಗೆ ಮೊದಲೇ ಶೂನ್ಯಕ್ಕೆ ಸಮೀಪವಾಗಿರುವುದರಿಂದ, ಶೋಧಕವು ಸ್ವಲ್ಪ ಮಟ್ಟಿಗೆ ಒಡೆದಿದ್ದರೂ ಮಾಪಕಕ್ಕೆ ಗೊತ್ತಾಗದಿರಬಹುದು. ನೆದರ್ಲೆಂಡ್ಸ್ 2023ರ ಜನವರಿಯಿಂದಲೂ ಜರ್ಮನಿ 2023ರ ಜುಲೈನಿಂದಲೂ ಇಂತಹ ವಾಹನಗಳಿಗೆ ಹೊಗೆಯ ದಟ್ಟಣೆಯ ಬದಲು ಕಣಗಳ ಸಂಖ್ಯೆಯನ್ನೇ ಎಣಿಸುವ ಪರೀಕ್ಷೆಯನ್ನು ಜಾರಿಗೊಳಿಸಿವೆ.

ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ, ಹೊಗೆ ತಪಾಸಣೆಯು ಅಢಾವೆ ಪತ್ರಿಕೆಯಿದ್ದಂತೆ. ಅದು ಒಂದು ದಿನದ, ಒಂದು ಗಳಿಗೆಯ ಸ್ಥಿತಿಯನ್ನು ತೋರಿಸುತ್ತದೆ. ವರ್ಷವಿಡೀ ನಡೆದ ವ್ಯವಹಾರ ತಿಳಿಯಬೇಕಾದರೆ ದಿನವಹಿಯನ್ನು ತೆರೆಯಬೇಕು. ಎಂಜಿನ್ನಿನ ದಿನವಹಿ ಎಂದರೆ ಅದರ ನಿಯಂತ್ರಣ ಘಟಕದಲ್ಲಿರುವ ದತ್ತಾಂಶ.

ಎಂಜಿನ್ನಿನ ದಿನವಹಿ

ವಾಹನದೊಳಗಿನ ರೋಗನಿದಾನ ವ್ಯವಸ್ಥೆಯು, ಅಂದರೆ ಸಂಕ್ಷಿಪ್ತವಾಗಿ ಓ.ಬಿ.ಡಿ., ಲಘು ವಾಹನಗಳಿಗೆ ಸಂಬಂಧಿಸಿದಂತೆ ಭಾರತ್ ಸ್ಟೇಜ್-4ರ ಜೊತೆಗೆ 2010ರ ಏಪ್ರಿಲ್‌ನಲ್ಲಿ ಮೊದಲ ಹಂತದಲ್ಲಿಯೂ 2013ರ ಏಪ್ರಿಲ್‌ನಲ್ಲಿ ಎರಡನೆಯ ಹಂತದಲ್ಲಿಯೂ ಜಾರಿಗೆ ಬಂದಿತು. 2010ರಲ್ಲಿ ಭಾರತ್ ಸ್ಟೇಜ್-4ನ್ನು ಮೊದಲು ಜಾರಿಗೊಳಿಸಿದ 13 ನಗರಗಳಲ್ಲಿ ಬೆಂಗಳೂರೂ ಒಂದು. 2020ರ ಏಪ್ರಿಲ್ 1ರಿಂದ ಐದನೆಯ ಹಂತವನ್ನು ಬಿಟ್ಟು ನೇರವಾಗಿ ಭಾರತ್ ಸ್ಟೇಜ್-6 ದೇಶಾದ್ಯಂತ ಜಾರಿಯಾಯಿತು. 2023ರ ಏಪ್ರಿಲ್ 1ರಿಂದ ಅದರ ಎರಡನೆಯ ಹಂತವು ಜಾರಿಗೆ ಬಂದು, ರೋಗನಿದಾನ ವ್ಯವಸ್ಥೆಯ ಮಿತಿಗಳು ಬಿಗಿಯಾದವು. ಪ್ರಯೋಗಾಲಯದ ಜೊತೆಗೆ ರಸ್ತೆಯ ಮೇಲೆ ಓಡಿಸಿಯೂ ಮಾಲಿನ್ಯವನ್ನು ಅಳೆಯುವ ಪದ್ಧತಿಗೆ ಮಿತಿಗಳು ಅನ್ವಯವಾದವು.

ರಸ್ತೆಯ ಮೇಲೆ ಅಳೆಯುವ ಪದ್ಧತಿ ಏಕೆ ಬೇಕಾಯಿತು ಎಂಬುದಕ್ಕೆ ವೋಕ್ಸ್‌ವ್ಯಾಗನ್ ಪ್ರಕರಣವನ್ನು ನೋಡಬಹುದು. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕಾರಿನಲ್ಲಿಯೇ ಮಾಪಕವನ್ನಿರಿಸಿಕೊಂಡು ಸಾವಿರಾರು ಕಿಲೋಮೀಟರ್ ಓಡಿಸಿ ದಾಖಲಿಸಿದ ದತ್ತಾಂಶದಿಂದ, ಎರಡು ಡೀಸೆಲ್ ಮಾದರಿಗಳು ಸಾರಜನಕದ ಆಕ್ಸೈಡುಗಳನ್ನು ಮಿತಿಗಿಂತ ಅನೇಕ ಪಟ್ಟು ಹೆಚ್ಚು, ಒಂದು ಮಾದರಿಯು 15ರಿಂದ 35 ಪಟ್ಟಿನವರೆಗೂ ಹೊರಬಿಡುತ್ತಿದ್ದುದು ಬೆಳಕಿಗೆ ಬಂದಿತು. ಪ್ರಯೋಗಾಲಯದಲ್ಲಿ ಅವೇ ಕಾರುಗಳು ಉತ್ತೀರ್ಣವಾಗಿದ್ದವು. ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ ಆಗ ಮಾತ್ರ ಸಭ್ಯವಾಗಿ ವರ್ತಿಸುವ ತಂತ್ರಾಂಶ ಅವುಗಳಲ್ಲಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೋಟೀಸು ನೀಡಿತು. ವಿಶ್ವದಾದ್ಯಂತ ಸುಮಾರು 1.1 ಕೋಟಿ ವಾಹನಗಳು ಇದಕ್ಕೆ ಒಳಪಟ್ಟವು. ಭಾರತದಲ್ಲಿ ಸುಮಾರು 3.23 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯುವುದಾಗಿ ಕಂಪನಿಯು 2015ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ನಿಂತಲ್ಲಿ ಪಡೆದ ಅಂಕಿಗೂ ರಸ್ತೆಯ ಮೇಲಿನ ಅಂಕಿಗೂ ಎಷ್ಟು ಅಂತರವಿರಬಹುದೆಂಬುದು ಅಂದು ಸ್ಪಷ್ಟವಾಯಿತು.

ವಾಹನ ಮಾಲೀಕರಿಗೆ ಉಪಯುಕ್ತವಾದ ಕೆಲವು ಸಂಕೇತಗಳನ್ನು ಇಲ್ಲಿ ತಿಳಿಸಲಾಗಿದೆ. ಪಿ0299 ಎಂದರೆ ಟರ್ಬೊ ನಿರೀಕ್ಷಿತ ಒತ್ತಡವನ್ನು ನೀಡುತ್ತಿಲ್ಲ. ಪಿ0234 ಎಂದರೆ ಒತ್ತಡ ಮಿತಿ ಮೀರಿದೆ. ಪಿ0049 ಎಂದರೆ ಟರ್ಬೈನ್ ಅತಿವೇಗದಲ್ಲಿ ತಿರುಗಿದೆ. ಭಾರೀ ವಾಹನಗಳ ಎಂಜಿನ್‌ಗಳಲ್ಲಿ ಬಳಕೆಯಲ್ಲಿರುವ ಜೆ1939 ಎಂಬ ಸಂವಹನ ಮಾನದಂಡದಲ್ಲಿ ಟರ್ಬೊ ವೇಗಕ್ಕೆಂದೇ 103 ಎಂಬ ಕ್ರಮಸಂಖ್ಯೆ ಮೀಸಲಾಗಿದೆ. ದೋಷ ಕಂಡುಬಂದ ಕ್ಷಣದಲ್ಲಿ ಎಂಜಿನ್ನಿನ ವೇಗ, ಭಾರ, ಉಷ್ಣಾಂಶಗಳು ಎಷ್ಟಿದ್ದವು ಎಂಬ ಚಿತ್ರವನ್ನೂ ವ್ಯವಸ್ಥೆಯು ಉಳಿಸಿಕೊಂಡಿರುತ್ತದೆ.

ಹಳೆಯ ವಾಹನವನ್ನು ಮಾರುವ ಮುನ್ನ ದೋಷ ಸಂಕೇತಗಳನ್ನು ಅಳಿಸಿ, ಎಚ್ಚರಿಕೆಯ ದೀಪವನ್ನು ಆರಿಸಿಡುವ ಪರಿಪಾಠ ಕೆಲವೆಡೆ ಇದೆ. ಆದರೆ ಅಳಿಸಿದ ಕೂಡಲೇ ವ್ಯವಸ್ಥೆಯ ಸ್ವಯಂ ಪರೀಕ್ಷೆಗಳೂ "ಪೂರ್ಣಗೊಂಡಿಲ್ಲ" ಎಂಬ ಸ್ಥಿತಿಗೆ ಮರಳುತ್ತವೆ, ಮತ್ತು ಅನೇಕ ವಾಹನಗಳಲ್ಲಿ ಅಳಿಸಿದ ನಂತರ ಓಡಿದ ದೂರವೂ ದಾಖಲಾಗಿರುತ್ತದೆ. ವಾಹನ ಖರೀದಿಸುವವರು ಸಂಕೇತಗಳಿಲ್ಲವೆಂದು ಸಮಾಧಾನಪಟ್ಟುಕೊಳ್ಳದೆ ಈ ಎರಡನ್ನೂ ನೋಡತಕ್ಕದ್ದು. ನಲವತ್ತು ಕಿಲೋಮೀಟರ್ ಹಿಂದಷ್ಟೇ ದಾಖಲೆ ಅಳಿಸಿದ ಲಾರಿಯ ಮಾರಾಟಗಾರರನ್ನು ಅದರ ಕಾರಣ ಕೇಳುವುದರಲ್ಲಿ ತಪ್ಪಿಲ್ಲ.

ಸಾರ್ವಜನಿಕ ಸೇವಾ ವಾಹನಗಳಲ್ಲಿ ಕಡ್ಡಾಯವಾಗಿರುವ, ವಾಹನ ಇರುವ ಸ್ಥಳವನ್ನು ತಿಳಿಸುವ ಉಪಕರಣವನ್ನು ಕೆಲವರು ಎಂಜಿನ್ ದಾಖಲೆ ಯಂತ್ರವೆಂದು ತಿಳಿದಿರುವುದುಂಟು. ಅದು ಬೇರೆ, ಇದು ಬೇರೆ. ಆ ಉಪಕರಣದ ಉದ್ದೇಶ ವಾಹನದ ಸ್ಥಳ ಹಾಗೂ ತುರ್ತು ಗುಂಡಿಯ ಮಾಹಿತಿಯೇ ಹೊರತು ಟರ್ಬೊವಿನ ಆರೋಗ್ಯವಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಭಾರೀ ವಾಹನಗಳ ತಪಾಸಣೆಯಲ್ಲಿ ಈ ದತ್ತಾಂಶವನ್ನೇ ಆಧಾರವಾಗಿ ತೆಗೆದುಕೊಂಡಿದೆ. ಅಲ್ಲಿ 2025ರ ಜನವರಿಯಿಂದ ಭಾರೀ ವಾಹನಗಳು ನಿಯತಕಾಲಿಕವಾಗಿ ತಪಾಸಣೆಯ ಫಲಿತಾಂಶ ಸಲ್ಲಿಸಬೇಕಾಗಿದ್ದು, ರೋಗನಿದಾನ ವ್ಯವಸ್ಥೆಯುಳ್ಳ 2013 ಹಾಗೂ ನಂತರದ ಮಾದರಿಯ ಡೀಸೆಲ್ ಎಂಜಿನ್‌ಗಳು ಅದರ ದತ್ತಾಂಶವನ್ನೂ, ಹಳೆಯವು ಹೊಗೆ ಪರೀಕ್ಷೆಯ ಫಲಿತಾಂಶವನ್ನೂ ಒದಗಿಸುತ್ತವೆ. ಹೊಗೆ ಮಾಪಕವನ್ನು ಪೂರ್ಣವಾಗಿ ಕೈಬಿಡದೆ, ದತ್ತಾಂಶವಿದ್ದಲ್ಲಿ ಅದಕ್ಕೇ ಆದ್ಯತೆ ನೀಡಿರುವ ಈ ಕ್ರಮವು ವಿವೇಚನೆಯುಳ್ಳದ್ದಾಗಿದೆ. ಭಾರತದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಸ್ವಯಂಚಾಲಿತ ತಪಾಸಣಾ ಕೇಂದ್ರಗಳ ನಿಯಮಗಳನ್ನು ಅಧಿಸೂಚಿಸಿದ ನಂತರ ಅರ್ಹತಾ ತಪಾಸಣೆಯು ಕಣ್ಣಳತೆಯಿಂದ ಯಂತ್ರದ ಅಳತೆಗೆ ಸಾಗುತ್ತಿದೆ. ಆದರೆ ಯಂತ್ರವೂ ನಿಂತ ವಾಹನದ ಹೊಗೆಯನ್ನೇ ಅಳೆಯುವವರೆಗೆ ಮೇಲೆ ವಿವರಿಸಿದ ಕೊರತೆ ಉಳಿದೇ ಇರುತ್ತದೆ.

ಒತ್ತಡ ಹೆಚ್ಚಿಸುವ ಪೆಟ್ಟಿಗೆಗಳ ಬಗ್ಗೆ

ಎಂಜಿನ್ನಿನ ಶಕ್ತಿ ಹೆಚ್ಚಿಸುವುದಾಗಿ ಹೇಳಿ ಮಾರಲಾಗುವ ಪೆಟ್ಟಿಗೆಗಳೂ ತಂತ್ರಾಂಶ ಬದಲಾವಣೆಗಳೂ ಸಾಮಾನ್ಯವಾಗಿ ಡೀಸೆಲ್ ಪ್ರಮಾಣ ಹಾಗೂ ಟರ್ಬೊ ಒತ್ತಡವನ್ನು ಏರಿಸುತ್ತವೆ. ಶಕ್ತಿ ಹೆಚ್ಚುವುದು ನಿಜವೇ. ಆದರೆ ಶಾಫ್ಟಿನ ವೇಗವೂ ತಯಾರಕರು ಉಳಿಸಿಟ್ಟ ಸುರಕ್ಷತಾ ಅಂತರವನ್ನು ತಿಂದುಹಾಕುತ್ತದೆ. ಮಸಿ ಶೋಧಕವನ್ನು ತೆಗೆದು ಖಾಲಿ ಕೊಳವೆ ಕೂರಿಸುವುದು ಇನ್ನೂ ಗಂಭೀರವಾದ ಅಪರಾಧ. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರ ಅನ್ವಯ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಪ್ರಕರಣ 182ಎ(4)ರ ಮೇರೆಗೆ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರು ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ಜುಲ್ಮಾನೆ ಅಥವಾ ಎರಡಕ್ಕೂ ಗುರಿಯಾಗಬಹುದು. ಮಾಲಿನ್ಯ ಮಾನದಂಡ ಉಲ್ಲಂಘನೆಗೆ ಪ್ರಕರಣ 190(2)ರಲ್ಲಿ ಮೊದಲ ಬಾರಿಗೇ 10,000 ರೂಪಾಯಿವರೆಗೆ ಜುಲ್ಮಾನೆ, ಮೂರು ತಿಂಗಳವರೆಗೆ ಕಾರಾವಾಸ ಹಾಗೂ ಮೂರು ತಿಂಗಳು ಚಾಲನಾ ಅನುಜ್ಞಾಪತ್ರ ಹೊಂದಲು ಅನರ್ಹತೆಯನ್ನು ವಿಧಿಸಲು ಅವಕಾಶವಿದೆ.

ವೇಗ ಮಾಪನಕ್ಕಾಗಿ ಕಂಪ್ರೆಸರ್ ಕವಚದಲ್ಲಿ ಸ್ವತಃ ರಂಧ್ರ ಕೊರೆಯಿಸುವ ಪ್ರಯತ್ನವನ್ನೂ ಮಾಲೀಕರು ಮಾಡಬಾರದು. ಕೊರೆದ ಲೋಹದ ಒಂದು ಚೂರು ಒಳಗುಳಿದರೂ ಸಾಕು, ಅಂತಹ ವೇಗದಲ್ಲಿ ಅದು ಅಲಗುಗಳನ್ನು ಮುರಿಯುತ್ತದೆ. ಕಾರ್ಖಾನೆಯಲ್ಲಿಯೇ ಸೆನ್ಸರಿಗೆ ಸ್ಥಳ ಬಿಟ್ಟಿರುವ ಟರ್ಬೊಗಳ ವಿಷಯ ಪ್ರತ್ಯೇಕ.

ದತ್ತಾಂಶ ಯಾರ ಕೈಯಲ್ಲಿದೆ

ಒಂದೇ ಲಾರಿಯನ್ನು ಸಾಲದ ಮೇಲೆ ಕೊಂಡು, ತಾನೇ ಓಡಿಸಿ ಕಂತು ಕಟ್ಟುವ ಮಾಲೀಕನಿಗೆ ಟರ್ಬೊ ಕೆಡುವುದೆಂದರೆ ದುರಸ್ತಿಯ ವೆಚ್ಚ ಮಾತ್ರವಲ್ಲ, ವಾಹನ ನಿಂತಷ್ಟು ದಿನದ ಬಾಡಿಗೆಯೂ ನಷ್ಟ. ವಾರಂಟಿ ಅವಧಿಯಲ್ಲಿದ್ದರೂ "ದಾಖಲೆಯಲ್ಲಿ ಅತಿವೇಗ ಕಂಡುಬಂದಿದೆ, ಚಾಲನೆಯ ದೋಷ" ಎಂಬ ಒಂದು ಸಾಲಿನ ಹಿಂಬರಹದೊಂದಿಗೆ ಕ್ಲೇಮು ತಿರಸ್ಕೃತವಾದರೆ ಆತನಿಗೆ ಉತ್ತರಿಸಲು ದಾರಿಯೇ ಇರುವುದಿಲ್ಲ. ದಾಖಲೆಯನ್ನು ಓದುವ ಉಪಕರಣವಿರುವುದು ತಿರಸ್ಕರಿಸಿದವರ ಬಳಿಯೇ. ಅತಿವೇಗವು ಚಾಲಕನಿಂದ ಆಯಿತೇ, ಸೋರುವ ಕೊಳವೆಯಿಂದ ಆಯಿತೇ, ಅಲಗುಗಳ ತಪ್ಪು ಸಂಖ್ಯೆಯಿಂದಾಗಿ ಹಾಗೆ ಕಂಡಿತೇ ಎಂಬುದನ್ನು ಪೂರ್ಣ ದಾಖಲೆಯಿಲ್ಲದೆ ನಿರ್ಧರಿಸುವುದು ಸಾಧ್ಯವಿಲ್ಲ. ಗಾಳಿಯ ಕೊಳವೆ ಸೋರುತ್ತಿದ್ದರೆ ನಿಗದಿತ ಒತ್ತಡ ತಲುಪಲು ನಿಯಂತ್ರಣ ಘಟಕವೇ ಟರ್ಬೊವನ್ನು ಇನ್ನಷ್ಟು ವೇಗವಾಗಿ ತಿರುಗಿಸುತ್ತದೆ ಎಂಬುದು ಇಲ್ಲಿ ಮುಖ್ಯ. ಚಾಲಕನಿಗೆ ಇದರ ಮೇಲೆ ಯಾವ ಹಿಡಿತವೂ ಇಲ್ಲ.

ಬಿಡಿಭಾಗಗಳನ್ನೂ ರೋಗನಿದಾನ ಉಪಕರಣಗಳನ್ನೂ ಸ್ವತಂತ್ರ ದುರಸ್ತಿಗಾರರಿಗೆ ದೊರೆಯದಂತೆ ಮಾಡಿದ ಆರೋಪದ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು 2,500 ಕೋಟಿ ರೂಪಾಯಿಗಳಿಗೂ ಮೀರಿದ ದಂಡ ವಿಧಿಸಿತ್ತು. ಆದೇಶವು ತರುವಾಯ ಮೇಲ್ಮನವಿಗಳಿಗೆ ಒಳಪಟ್ಟಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿಗೆ ಸಂಬಂಧಿಸಿದ ಜಾಲತಾಣವನ್ನು ಆರಂಭಿಸಿದ್ದು, ಅದರಲ್ಲಿ ವಾಹನಗಳ ವಲಯವೂ ಸೇರಿದೆ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾದ ದತ್ತಾಂಶ ಕಾಯಿದೆಯು, ಜಾಲಸಂಪರ್ಕವುಳ್ಳ ಯಂತ್ರದ ಬಳಕೆದಾರನಿಗೆ ಆ ಯಂತ್ರವು ಉತ್ಪಾದಿಸುವ ದತ್ತಾಂಶವನ್ನು ಪಡೆಯುವ ಹಕ್ಕನ್ನು ನೀಡಿದೆ. ದತ್ತಾಂಶವನ್ನು ಪಡೆಯುವ ಇಂತಹ ಹಕ್ಕು ನಮ್ಮ ಲಾರಿ ಮಾಲೀಕರಿಗೂ ದೊರೆತಲ್ಲಿ, ಸೆನ್ಸರು ಆತನ ವಿರುದ್ಧದ ಸಾಕ್ಷಿಯಾಗಿ ಮಾತ್ರ ಉಳಿಯದೆ ಆತನ ಪರವಾಗಿಯೂ ನುಡಿಯಬಲ್ಲದು.

ಪ್ರಸ್ತುತ ಇರುವ ಕಾನೂನಿನ ಚೌಕಟ್ಟಿನಲ್ಲಿಯೂ ಮಾಲೀಕರು ಕೈಕಟ್ಟಿ ಕೂರಬೇಕಾಗಿಲ್ಲ. ವಾರಂಟಿ ಕ್ಲೇಮು ಸಲ್ಲಿಸುವಾಗಲೇ, ವಾಹನವನ್ನು ದುರಸ್ತಿಗೆ ಬಿಚ್ಚುವ ಮೊದಲು, ದೋಷ ಸಂಕೇತಗಳು, ಆ ಕ್ಷಣದ ಎಂಜಿನ್ ಸ್ಥಿತಿಯ ಚಿತ್ರ ಹಾಗೂ ಟರ್ಬೊ ವೇಗದ ದಾಖಲೆಯ ಮುದ್ರಿತ ಪ್ರತಿಯನ್ನು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಸೂಕ್ತ. ವೇಗವು ಸೆನ್ಸರಿನಿಂದ ಅಳೆದದ್ದೋ ಲೆಕ್ಕಹಾಕಿದ್ದೋ ಎಂಬುದನ್ನೂ ಕೇಳತಕ್ಕದ್ದು. ತಿರಸ್ಕಾರದ ಕಾರಣವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬಾರದು. ಎಣ್ಣೆ ಹಾಗೂ ಗಾಳಿ ಶೋಧಕ ಬದಲಿಸಿದ ರಸೀದಿಗಳನ್ನು ಜೋಪಾನವಾಗಿಡಬೇಕು; ಬಹುತೇಕ ವಿವಾದಗಳಲ್ಲಿ ಮೊದಲು ಕೇಳುವುದು ಇವುಗಳನ್ನೇ. ಬಿಚ್ಚಿದ ಟರ್ಬೊವನ್ನು ವಿವಾದ ಮುಗಿಯುವವರೆಗೆ ಗುಜರಿಗೆ ಕೊಡಬಾರದು.

ಗ್ರಾಹಕ ಆಯೋಗದ ಮುಂದೆ ಹೋಗುವವರು ಗಮನಿಸಬೇಕಾದ ಅಂಶವೊಂದಿದೆ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ವಾಣಿಜ್ಯ ಉದ್ದೇಶಕ್ಕಾಗಿ ಸರಕು ಕೊಂಡವರು ಗ್ರಾಹಕರೆನಿಸುವುದಿಲ್ಲ. ಆದರೆ ಸ್ವಯಂ ಉದ್ಯೋಗದ ಮೂಲಕ ತನ್ನ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಆದ್ದರಿಂದ ಲಾರಿಯನ್ನು ತಾನೇ ಓಡಿಸಿ ಜೀವನ ಸಾಗಿಸುವ ಮಾಲೀಕನು ಆ ಸಂಗತಿಯನ್ನು ದೂರಿನಲ್ಲಿ ಸ್ಪಷ್ಟವಾಗಿ ನಮೂದಿಸತಕ್ಕದ್ದು. ಅನೇಕ ವಾಹನಗಳನ್ನು ಚಾಲಕರ ಮೂಲಕ ಓಡಿಸುವ ಸಂಸ್ಥೆಗಳು ಬೇರೆ ದಾರಿಯನ್ನು ನೋಡಬೇಕಾಗುತ್ತದೆ. ವ್ಯಾಜ್ಯ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ದೂರಿಗೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ವಿಷಯವನ್ನು ನೋಂದಾಯಿಸಬಹುದು.

ಹೊಗೆ ತಪಾಸಣೆಗೆ ವಾಹನ ತರುವವರು ಎಂಜಿನ್ನನ್ನು ಸಾಕಷ್ಟು ಬಿಸಿಯಾದ ನಂತರವೇ ತಪಾಸಣೆಗೆ ಒಡ್ಡತಕ್ಕದ್ದು. ತಣ್ಣನೆಯ ಎಂಜಿನ್ ಅನಗತ್ಯವಾಗಿ ಹೆಚ್ಚು ಹೊಗೆ ತೋರಿಸುತ್ತದೆ. ತಪಾಸಣೆಗೆ ಮೊದಲು ಗಾಳಿ ಶೋಧಕವನ್ನೂ ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಪಟ್ಟಿಗಳನ್ನೂ ಪರಿಶೀಲಿಸಿಕೊಳ್ಳಬೇಕು. ಎಚ್ಚರಿಕೆಯ ದೀಪ ಉರಿಯುತ್ತಿದ್ದಲ್ಲಿ, ಹೊಗೆ ಮಿತಿಯೊಳಗಿದ್ದರೂ, ಭಾರ ತುಂಬಿ ಘಾಟಿಗೆ ಹೊರಡುವ ಮೊದಲು ದೋಷ ಸಂಕೇತವನ್ನು ಓದಿಸತಕ್ಕದ್ದು.